ಮೂಳೆ ಕೂಡುವ ತನಕ ಕಾಯಬೇಕೇ? ಪೆಟ್ಟಿನ ನಂತರದ ಫಿಸಿಯೋಥೆರಪಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೈಕಿನಿಂದ ಬಿದ್ದು, ಮರದಿಂದ ಬಿದ್ದು, ಬಚ್ಚಲಲ್ಲಿ ಜಾರಿ ಪೆಟ್ಟು ಮಾಡಿಕೊಂಡವರದು. ಆಪರೇಷನ್ನೋ ಪ್ಲಾಸ್ಟರೋ ಮುಗಿದಿದೆ, ಮುಂದೇನು ಅನ್ನುವುದು ಗೊತ್ತಾಗುತ್ತಿಲ್ಲ. 'ಮೊದಲು ಮೂಳೆ ಕೂಡಲಿ, ವ್ಯಾಯಾಮ ಆಮೇಲೆ ನೋಡೋಣ ಅಂತ ಬಿಟ್ಟೆವು' ಎಂಬ ಮಾತು ಪತ್ರದಿಂದ ಪತ್ರಕ್ಕೆ ಮತ್ತೆ ಮತ್ತೆ ಬಂದಿದೆ. ಕಾದು ಕೆಟ್ಟವರೂ ಇದ್ದಾರೆ, ಆತುರಕ್ಕೆ ಎಳೆದಾಡಿ ಕೆಡಿಸಿಕೊಂಡವರೂ ಇದ್ದಾರೆ. ಓದುವ ಮೊದಲು ಒಂದು ವಿಷಯ: ಮುರಿದ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಅನ್ನುವುದನ್ನು ನಿಮ್ಮ ಎಕ್ಸ್‌ರೇ ನೋಡಿದ ಸರ್ಜನ್ನೇ ಹೇಳಬೇಕು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದು ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಪ್ರಶ್ನೆ: ನನಗೆ 29 ವರ್ಷ. ಬೈಕ್ ಅಪಘಾತದಲ್ಲಿ ತೊಡೆಮೂಳೆ ಮುರಿದು ರಾಡ್ ಹಾಕಿದ್ದಾರೆ. ಎರಡು ತಿಂಗಳಾಯಿತು. ಮೂಳೆ ಚೆನ್ನಾಗಿ ಕೂಡುತ್ತಿದೆಯಂತೆ. ಆದರೆ ಮಂಡಿ 50 ಡಿಗ್ರಿಗಿಂತ ಹೆಚ್ಚು ಮಡಚುತ್ತಿಲ್ಲ. ನೆಲದ ಮೇಲೆ ಕೂತು ಊಟ ಮಾಡಲು, ನಮ್ಮ ಮನೆಯ ಶೌಚಾಲಯ ಬಳಸಲು ಮುಂದೆ ಆಗುತ್ತದೆಯೇ?
(ಓದುಗರು, ದಾವಣಗೆರೆ)

ಉತ್ತರ: ಮುರಿದದ್ದು ತೊಡೆ, ಗಟ್ಟಿಯಾದದ್ದು ಮಂಡಿ. ಇದಕ್ಕೆ ಕಾರಣ ಇದೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮೂಳೆಯನ್ನು ಅಪ್ಪಿಕೊಂಡೇ ಇರುತ್ತದೆ. ಮುರಿತದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಗಾಯ ಮಾಯುವಾಗ ಆ ಸ್ನಾಯು ಮೂಳೆಗೆ ಅಂಟಿಕೊಳ್ಳುತ್ತದೆ. ಮಂಡಿ ಮಡಚಬೇಕಾದರೆ ಆ ಸ್ನಾಯು ಜಾರಿ ಉದ್ದವಾಗಬೇಕು, ಅಂಟಿದ್ದು ಜಾರುವುದಿಲ್ಲ. ಇದರ ಜೊತೆಗೆ ಮಂಡಿಚಿಪ್ಪು ಅಲುಗಾಡದೆ ಕೂತುಬಿಡುತ್ತದೆ. ಅದು ಬಾವಿಯ ರಾಟೆಯ ಹಾಗೆ ಕೆಲಸ ಮಾಡುವ ಮೂಳೆ. ಅದು ಕೆಳಕ್ಕೆ ಸರಿಯದಿದ್ದರೆ ಎಷ್ಟು ಒತ್ತಿದರೂ ಮಂಡಿ ಬಾಗದು, ನೋವು ಮಾತ್ರ ಹೆಚ್ಚುತ್ತದೆ.

ಹಾಗಾಗಿ ಶುರು ಮಾಡಬೇಕಾದದ್ದು ಚಿಪ್ಪಿನಿಂದ. ಕಾಲು ಚಾಚಿ, ತೊಡೆಯನ್ನು ಪೂರ್ತಿ ಸಡಿಲ ಬಿಟ್ಟು, ಎರಡೂ ಹೆಬ್ಬೆರಳುಗಳಿಂದ ಚಿಪ್ಪನ್ನು ಪಾದದ ಕಡೆಗೆ ಮೆತ್ತಗೆ ತಳ್ಳಿ, ಮತ್ತೆ ಎಡಕ್ಕೆ, ಬಲಕ್ಕೆ. ಐದು ನಿಮಿಷ ಸಾಕು. ತೊಡೆ ಬಿಗಿ ಹಿಡಿದಿದ್ದರೆ ಚಿಪ್ಪು ಒಂದು ಕೂದಲೆಳೆಯಷ್ಟೂ ಸರಿಯುವುದಿಲ್ಲ, ಗಮನಿಸಿ. ಆಮೇಲೆ ಹಿಮ್ಮಡಿ ಜಾರಿಸುವುದು: ಮಂಚದ ಮೇಲೆ ಕಾಲು ಚಾಚಿ ಕೂತು, ಹಿಮ್ಮಡಿ ಕೆಳಗೆ ಪ್ಲಾಸ್ಟಿಕ್ ಚೀಲ ಹಾಸಿ, ಪಾದಕ್ಕೆ ಟವೆಲ್ ಸುತ್ತಿ ಅದರ ಎರಡು ತುದಿ ಹಿಡಿದು ಹಿಮ್ಮಡಿಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಇನ್ನು ಬರುವುದಿಲ್ಲ ಅನ್ನುವಲ್ಲಿ 20ರಿಂದ 30 ಸೆಕೆಂಡು ನಿಲ್ಲಿಸಿ, ಬಿಡಿ. ಹತ್ತು ಸಲ. ಮೂರನೆಯದು ಮಂಚದ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟು, ಒಳ್ಳೆಯ ಕಾಲನ್ನು ನೋವಿನ ಕಾಲಿನ ಮುಂದೆ ಇಟ್ಟು ಹಿಂದಕ್ಕೆ ಒತ್ತುವುದು. ಇವನ್ನೆಲ್ಲ ದಿನಕ್ಕೆ ಮೂರು ನಾಲ್ಕು ಬಾರಿ, ಒಂದೊಂದು ಸಲ 15 ನಿಮಿಷ ಮಾಡಬೇಕು. ಬೆಳಿಗ್ಗೆ ಒಂದೇ ಸಲ ಒಂದು ಗಂಟೆ ಮಾಡಿ ಉಳಿದ ದಿನ ಕಾಲು ಚಾಚಿಕೊಂಡು ಟಿವಿ ನೋಡಿದರೆ ಗಳಿಸಿದ್ದೆಲ್ಲ ಸಂಜೆಯೊಳಗೆ ಹೋಗಿರುತ್ತದೆ.

ಮಡಚುವುದರ ಗಲಾಟೆಯಲ್ಲಿ ನೇರ ಮಾಡುವುದನ್ನು ಮರೆಯುವವರೇ ಹೆಚ್ಚು. ಮಂಡಿ ಕೆಳಗೆ ದಿಂಬಿಟ್ಟು ಮಲಗಿದರೆ ಹಾಯೆನಿಸುತ್ತದೆ, ಆದರೆ ಕೆಲವೇ ವಾರಗಳಲ್ಲಿ ಮಂಡಿ ಬಾಗಿದ ಸ್ಥಿತಿಯಲ್ಲೇ ನಿಂತುಬಿಡುತ್ತದೆ, ಮುಂದೆ ಪ್ರತಿ ಹೆಜ್ಜೆಗೂ ಕುಂಟು. ದಿಂಬು ಇಡುವುದಾದರೆ ಹಿಮ್ಮಡಿ ಕೆಳಗೆ ಇಡಿ. ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ ತೊಡೆ ಬಿಗಿ ಮಾಡಿ 10 ಸೆಕೆಂಡು ಹಿಡಿಯಿರಿ, ಹತ್ತು ಬಾರಿ. ನೇರ ಕಾಲನ್ನು ಎತ್ತಿದಾಗ ಮಂಡಿ ಸ್ವಲ್ಪ ಬಾಗಿ ಕೆಳಗೆ ಜೋತರೆ ತೊಡೆಯ ಸ್ನಾಯುವಿಗೆ ಇನ್ನೂ ಶಕ್ತಿ ಬಂದಿಲ್ಲ ಎಂದರ್ಥ. ಅದು ಬರುವ ತನಕ ಊರುಗೋಲು ಬಿಡಬೇಡಿ.

ನೋವು ಎಷ್ಟು ತಡೆಯಬೇಕು? ಹತ್ತಕ್ಕೆ ನಾಲ್ಕೈದರಷ್ಟು ನೋವು ಬಂದು ಒಂದು ಗಂಟೆಯೊಳಗೆ ಇಳಿದರೆ ಸರಿಯಾದ ಅಳತೆ. ಮಾರನೆಯ ಬೆಳಿಗ್ಗೆ ಮಂಡಿ ನಿನ್ನೆಗಿಂತ ಊದಿ ಬಿಸಿಯಾಗಿದ್ದರೆ ನಿನ್ನೆ ಮಾಡಿದ್ದು ಜಾಸ್ತಿಯಾಯಿತು. ಅರ್ಧಕ್ಕೆ ಇಳಿಸಿ, ಬಟ್ಟೆ ಸುತ್ತಿದ ಐಸ್ ಅನ್ನು 10ರಿಂದ 15 ನಿಮಿಷ ಇಡಿ. ಯಾರಾದರೂ ಕಾಲ ಮೇಲೆ ಕೂತು ಒಮ್ಮೆಗೇ ಮಡಚಿಸಲು ಬಂದರೆ ಒಪ್ಪಬೇಡಿ.

ನಿಮ್ಮ ಪ್ರಶ್ನೆಗೆ ಬರುತ್ತೇವೆ. ಸಮತಟ್ಟು ನೆಲದಲ್ಲಿ ನಡೆಯಲು ಮಂಡಿ ಸುಮಾರು 65 ಡಿಗ್ರಿ ಬಾಗಿದರೆ ಸಾಕು. ಮೆಟ್ಟಿಲು ಹತ್ತಿಳಿಯಲು 90ರಿಂದ 100 ಬೇಕು, ತಗ್ಗು ಕುರ್ಚಿಯಿಂದ ಏಳಲು 105ರ ಹತ್ತಿರ. ಕುಕ್ಕರಗಾಲಲ್ಲಿ ಕೂರಲು 130ಕ್ಕೂ ಮೇಲೆ ಬೇಕು, ಜೊತೆಗೆ ಪಾದದ ಕೀಲೂ ಚೆನ್ನಾಗಿ ಮೇಲಕ್ಕೆ ಬಾಗಬೇಕು. ಚಕ್ಕಳಮಕ್ಕಳ ಹಾಕಲು ಸೊಂಟದ ಕೀಲು ಹೊರಕ್ಕೆ ತಿರುಗಬೇಕು. ರಾಡ್ ಹಾಕಿದ ತೊಡೆಗೆ ಇವೆಲ್ಲ ಮರಳಿ ಬರುವುದು ಸಾಧ್ಯವಿದೆ, ಆದರೆ ಅದು ತಿಂಗಳುಗಳ ಕೆಲಸ, ಮತ್ತು ಮೂಳೆ ಪೂರ್ತಿ ಕೂಡಿದ ಮೇಲಿನ ಹಂತ. ಅಲ್ಲಿಯವರೆಗೆ ಕಮೋಡ್ ಕುರ್ಚಿ ಬಳಸಿ. ಪ್ರತಿ ಭಾನುವಾರ ಕಾಲು ಎಷ್ಟಾಗುತ್ತದೋ ಅಷ್ಟು ಮಡಚಿ, ಹಿಮ್ಮಡಿಗೂ ಪೃಷ್ಠಕ್ಕೂ ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು ಬರೆದಿಡಿ. ಒಂದೊಂದು ಸೆಂಟಿಮೀಟರ್ ಕಡಿಮೆಯಾದರೂ ದಾರಿ ಸರಿಯಿದೆ. ಮೂರು ನಾಲ್ಕು ವಾರ ನಿಷ್ಠೆಯಿಂದ ಮಾಡಿಯೂ ಅಳತೆ ಕದಲದಿದ್ದರೆ ಸರ್ಜನ್ ಬಳಿ ಹೋಗಿ. ಅಂಟಿದ್ದನ್ನು ಬಿಡಿಸುವ ವಿಧಾನಗಳಿವೆ, ತಡವಾದಷ್ಟೂ ಅವು ದೊಡ್ಡ ಆಪರೇಷನ್ ಆಗುತ್ತವೆ.

ಪ್ರಶ್ನೆ: ತಮ್ಮ ಐದು ತಿಂಗಳ ಹಿಂದೆ ಬೈಕಿನಿಂದ ಬಿದ್ದ. ಎಲ್ಲೂ ಮೂಳೆ ಮುರಿದಿಲ್ಲ. ಆದರೆ ಬಲಗೈ ಹೆಗಲಿಂದ ಜೋತು ಬಿದ್ದಿದೆ, ಮೊಣಕೈ ಮಡಚಲು ಬರುವುದಿಲ್ಲ. ದಿನಾ ಕರೆಂಟ್ ಕೊಡಿಸುತ್ತಿದ್ದೇವೆ. ಇನ್ನೂ ಎಷ್ಟು ತಿಂಗಳು ಕೊಡಿಸಬೇಕು?
(ಓದುಗರು, ಕಲಬುರಗಿ)

ಉತ್ತರ: ಇಂದಿನ ಪತ್ರಗಳಲ್ಲಿ ನಮಗೆ ಅತಿ ಹೆಚ್ಚು ಆತಂಕ ತಂದದ್ದು ನಿಮ್ಮದು. ದಯವಿಟ್ಟು ಈ ವಾರವೇ ನರಗಳ ಶಸ್ತ್ರಚಿಕಿತ್ಸೆ ಮಾಡುವ ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ. ದೊಡ್ಡ ಆಸ್ಪತ್ರೆಗಳ ಪ್ಲಾಸ್ಟಿಕ್ ಸರ್ಜರಿ ಅಥವಾ ಹ್ಯಾಂಡ್ ಸರ್ಜರಿ ವಿಭಾಗದಲ್ಲಿ ಸಾಮಾನ್ಯವಾಗಿ ಇವರು ಇರುತ್ತಾರೆ.

ಬೈಕಿನಿಂದ ಬೀಳುವಾಗ ಹೆಗಲು ನೆಲಕ್ಕೆ ಬಡಿದು ತಲೆ ಆಚೆ ಬದಿಗೆ ವಾಲಿದರೆ, ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳ ಜಾಲ, ಅಂದರೆ ಬ್ರೇಕಿಯಲ್ ಪ್ಲೆಕ್ಸಸ್, ಜಗ್ಗುತ್ತದೆ. ಬರೀ ಜಗ್ಗಿದ್ದರೆ ತಾನಾಗಿ ಚೇತರಿಸಿಕೊಳ್ಳಬಹುದು. ತುಂಡಾಗಿದ್ದರೆ, ಅಥವಾ ಬೆನ್ನುಹುರಿಯಿಂದಲೇ ಕಿತ್ತು ಬಂದಿದ್ದರೆ ಎಷ್ಟು ಕಾದರೂ ಚೇತರಿಸದು. ಹೊರಗಿನಿಂದ ಕೊಡುವ ಕರೆಂಟ್ ಹರಿದ ನರವನ್ನು ಕೂಡಿಸುವುದಿಲ್ಲ. ಇಲ್ಲಿ ಕಾಲದ ಲೆಕ್ಕ ಬಹಳ ನಿಷ್ಠುರ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ತಿಂಗಳಿಗೆ 3 ಸೆಂಟಿಮೀಟರ್. ಇತ್ತ ನರದ ಸಂಪರ್ಕ ತಪ್ಪಿದ ಸ್ನಾಯು 12ರಿಂದ 18 ತಿಂಗಳಲ್ಲಿ ಮರಳಿ ಬಾರದಷ್ಟು ಸವೆದುಹೋಗುತ್ತದೆ. ಆದ್ದರಿಂದ ಆಪರೇಷನ್ ಬೇಕಿದ್ದರೆ ಪೆಟ್ಟಾದ ಮೂರರಿಂದ ಆರು ತಿಂಗಳೊಳಗೆ ಆಗಬೇಕು. ನಿಮಗೆ ಉಳಿದಿರುವುದು ಕೊನೆಯ ತಿಂಗಳು. ಆರು ದಾಟಿದರೆ ಎಲ್ಲ ಮುಗಿಯಿತು ಅಂತಲ್ಲ, ಫಲ ಕಡಿಮೆಯಾಗುತ್ತಾ ಹೋಗುತ್ತದೆ. ನರಗಳ ಇಎಂಜಿ ಪರೀಕ್ಷೆ ಮತ್ತು ಕುತ್ತಿಗೆಯ ಎಂಆರ್‌ಐ ಆಗಿಲ್ಲದಿದ್ದರೆ ಅವರು ಮಾಡಿಸುತ್ತಾರೆ.

ಹೆಗಲಿನ ನರ ಹೋಗಿದ್ದು ಅಂಗೈ ಚೆನ್ನಾಗಿದ್ದರೆ, ಅಂಗೈಗೆ ಹೋಗುವ ನರದಿಂದ ಒಂದು ಎಳೆ ತೆಗೆದು ಮೊಣಕೈ ಮಡಚುವ ಸ್ನಾಯುವಿಗೆ ಜೋಡಿಸುತ್ತಾರೆ. ಫ್ರಾನ್ಸಿನ ಸರ್ಜನ್ ಒಬರ್ಲಿನ್ 1994ರಲ್ಲಿ ವಿವರಿಸಿದ ವಿಧಾನ ಇದು. ಪಕ್ಕೆಲುಬಿನ ನಡುವಿನ ನರಗಳನ್ನು ತಂದು ಜೋಡಿಸುವುದೂ ಉಂಟು. ಫಿಸಿಯೋಥೆರಪಿಯ ನಿಜವಾದ ಕೆಲಸ ಶುರುವಾಗುವುದು ಇದರ ನಂತರ. ಪಕ್ಕೆಲುಬಿನ ನರ ಜೋಡಿಸಿದವರಿಗೆ ಮೊದಮೊದಲು ದೀರ್ಘ ಉಸಿರು ಎಳೆದಾಗ ಮಾತ್ರ ಮೊಣಕೈ ಸ್ನಾಯು ಮಿಡಿಯುತ್ತದೆ. ಆ ಮಿಡಿತವನ್ನು ಹಿಡಿದು, ಉಸಿರಿನ ಸಹಾಯವಿಲ್ಲದೆ ಕೈ ಮಡಚುವಂತೆ ಮಿದುಳಿಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಬೇಕು.

ಅಷ್ಟರ ತನಕ ಮನೆಯಲ್ಲಿ ಕೀಲುಗಳನ್ನು ಸಡಿಲವಾಗಿ ಇಡಿ. ಹೆಗಲು, ಮೊಣಕೈ, ಮಣಿಕಟ್ಟು, ಬೆರಳು, ಒಂದೊಂದನ್ನೂ ನಿಧಾನವಾಗಿ ಹತ್ತು ಸಲ, ದಿನಕ್ಕೆ ಮೂರು ಬಾರಿ. ಮೊಣಕೈಯನ್ನು ಪಕ್ಕೆಗೆ ತಾಗಿಸಿಟ್ಟು ಮುಂಗೈಯನ್ನು ಹೊರಕ್ಕೆ ತಿರುಗಿಸುವ ಚಲನೆಯನ್ನು ಬಿಡಬೇಡಿ, ಮೊದಲು ಬಿಗಿಯುವುದು ಅದೇ. ಓಡಾಡುವಾಗ ತೂಗುಪಟ್ಟಿ ಇರಲಿ, ಕೈಯ ಭಾರಕ್ಕೇ ಹೆಗಲು ಕೆಳಗೆ ಜಾರುತ್ತದೆ. ಕೈ ಹಿಡಿದು ಎಳೆದು ಎಬ್ಬಿಸಬೇಡಿ. ಸ್ಪರ್ಶ ಇಲ್ಲದ ಕೈ ಸುಟ್ಟರೂ ತಿಳಿಯುವುದಿಲ್ಲ. ಬಿಸಿ ಪಾತ್ರೆ, ಸೈಲೆನ್ಸರ್, ಒಲೆಯ ಹತ್ತಿರ ಕಣ್ಣಿಡಿ.

ಪ್ರಶ್ನೆ: ಮಗನಿಗೆ 9 ವರ್ಷ. ಸೀಬೆ ಮರದಿಂದ ಬಿದ್ದು ಮೊಣಕೈ ಹತ್ತಿರ ಮುರಿದಿತ್ತು. ನಾಲ್ಕು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಕೈ ಪೂರ್ತಿ ನೇರವಾಗುತ್ತಿಲ್ಲ. ಬಿಸಿ ಎಣ್ಣೆ ಹಾಕಿ ನೀವಿ ಎಳೆಯಿರಿ, ನೀರಿನ ಬಕೆಟ್ ಹಿಡಿಸಿ ಅಂತ ಹಿರಿಯರು ಹೇಳುತ್ತಾರೆ.
(ಓದುಗರು, ಹಾಸನ)

ಉತ್ತರ: ನೀವಬೇಡಿ, ಎಳೆಯಬೇಡಿ, ಬಕೆಟ್ ಹಿಡಿಸಬೇಡಿ. ಮೊಣಕೈ ದೇಹದ ಬೇರೆ ಕೀಲುಗಳ ಹಾಗಲ್ಲ. ಪೆಟ್ಟಾದ ಮೊಣಕೈಯನ್ನು ಬಲವಂತವಾಗಿ ಜಗ್ಗಿದರೆ ಸುತ್ತಲಿನ ಸ್ನಾಯುವಿನ ಒಳಗೇ ಹೊಸ ಮೂಳೆ ಬೆಳೆಯುವ ಅಪಾಯವಿದೆ. ಒಮ್ಮೆ ಹಾಗಾದರೆ ಇರುವ ಚಲನೆಯೂ ಹೋಗುತ್ತದೆ. ಮಕ್ಕಳ ವಿಷಯದಲ್ಲಿ ಸಮಾಧಾನದ ಸಂಗತಿಯೆಂದರೆ, ಮೂಳೆ ಸರಿಯಾಗಿ ಕೂತಿದ್ದರೆ ಅವರ ಆಟವೇ ಹೆಚ್ಚಿನ ಕೆಲಸ ಮಾಡುತ್ತದೆ. ಬೆಚ್ಚನೆಯ ನೀರಿನ ಟಬ್ಬಿನಲ್ಲಿ ಕೈ ಮುಳುಗಿಸಿ ತಾನೇ ಮಡಚಿ ಬಿಚ್ಚಲಿ. ಮೇಜಿನ ಮೇಲೆ ಕಾರು ದೂರಕ್ಕೆ ತಳ್ಳುವ ಆಟ, ಗೋಡೆ ಮೇಲೆ ಎತ್ತರಕ್ಕೆ ಚಿತ್ರ ಅಂಟಿಸುವ ಆಟ ಆಡಿಸಿ. ಪೂರ್ತಿ ಚಲನೆಗೆ ಕೆಲವು ತಿಂಗಳು ಹಿಡಿಯಬಹುದು. ಕೈ ಓರೆಯಾಗಿ ಕಂಡರೆ, ಅಥವಾ ಇದ್ದ ಚಲನೆ ಕಡಿಮೆಯಾಗುತ್ತಾ ಬಂದರೆ ಎಕ್ಸ್‌ರೇ ತೆಗೆಸಬೇಕು.

ಈ ಮುರಿತದ ಬಗ್ಗೆ ಎಲ್ಲ ತಂದೆತಾಯಿಯರಿಗೂ ಒಂದು ಮಾತು. ಪ್ಲಾಸ್ಟರಾಗಲಿ ಬಿದಿರು ದಬ್ಬೆಯ ಕಟ್ಟಾಗಲಿ, ಕಟ್ಟಿದ ಮೇಲೆ ನೋವು ಇಳಿಯಬೇಕು. ಏರುತ್ತಲೇ ಹೋದರೆ, ಮಗುವಿನ ಬೆರಳನ್ನು ನೀವು ಮೆಲ್ಲಗೆ ಬಿಡಿಸಿದರೂ ಚೀರಿದರೆ, ಬೆರಳು ಬಿಳಿಚಿ ತಣ್ಣಗಾದರೆ ಅದು ಕಟ್ಟಿನೊಳಗೆ ರಕ್ತ ಓಡುತ್ತಿಲ್ಲದ ಲಕ್ಷಣ. ಬೆಳಗಾಗಲಿ ಅಂತ ಕಾಯಬಾರದು, ಕೆಲವೇ ಗಂಟೆಗಳಲ್ಲಿ ಮುಂಗೈ ಸ್ನಾಯು ಸಾಯುತ್ತದೆ. ಬೆರಳುಗಳು ಪಂಜದ ಹಾಗೆ ಮುದುಡಿ ನಿಲ್ಲುವ ಆ ಸ್ಥಿತಿಯನ್ನು ಜರ್ಮನಿಯ ವೋಲ್ಕ್‌ಮನ್ 1881ರಲ್ಲೇ ಬಿಗಿ ಕಟ್ಟಿನ ಫಲವೆಂದು ವಿವರಿಸಿದ್ದರು. ಇಂದಿಗೂ ಅದನ್ನು ಪೂರ್ತಿ ಸರಿಪಡಿಸುವ ವ್ಯಾಯಾಮವಿಲ್ಲ.

ಪ್ರಶ್ನೆ: ಅಮ್ಮನಿಗೆ 63. ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿ ಮೂರು ವಾರ. ಬೆರಳುಗಳು ಊದಿ ಹೊಳೆಯುತ್ತಿವೆ, ಉರಿ ಅನ್ನುತ್ತಾರೆ. ಇಡೀ ದಿನ ಕೈಯನ್ನು ತೂಗುಪಟ್ಟಿಯಲ್ಲೇ ಇಟ್ಟಿದ್ದಾರೆ.
(ಓದುಗರು, ಮೈಸೂರು)

ಉತ್ತರ: ಮೊದಲು ಪ್ಲಾಸ್ಟರ್ ಬಿಗಿಯಾಗಿದೆಯೇ ಎಂದು ಇಂದೇ ತೋರಿಸಿ. ಅದು ಸರಿಯಿದ್ದರೆ, ಮುರಿತಕ್ಕೆ ಮೀರಿದ ಉರಿ, ಹೊಳೆಯುವ ಚರ್ಮ, ಒಮ್ಮೆ ಕೆಂಪು ಒಮ್ಮೆ ನೀಲಿ ಬಣ್ಣ, ಒಂದೇ ಕೈ ಬೆವರುವುದು, ಮುಟ್ಟಿದರೆ ಸಹಿಸಲಾಗದಿರುವುದು ಇವೆಲ್ಲ ಸಿಆರ್‌ಪಿಎಸ್ ಎಂಬ ನೋವಿನ ಕಾಯಿಲೆಯ ಲಕ್ಷಣಗಳು. ಬೇಗ ಹಿಡಿದರೆ ಬಗ್ಗುತ್ತದೆ, ತಿಂಗಳು ಕಳೆದರೆ ಕೈ ಗಟ್ಟಿಯಾಗುತ್ತದೆ.

ತೂಗುಪಟ್ಟಿ ಹೊರಗೆ ಹೋಗುವಾಗ ಮಾತ್ರ. ಮನೆಯಲ್ಲಿ ಕೈಯನ್ನು ದಿಂಬಿನ ಮೇಲೆ, ಬೆರಳು ಎದೆಗಿಂತ ಎತ್ತರ ಇರುವಂತೆ ಇಡಲಿ. ಎಚ್ಚರವಿರುವಾಗ ಗಂಟೆಗೊಮ್ಮೆ ಬೆರಳು ಪೂರ್ತಿ ಬಿಡಿಸಿ, ಪೂರ್ತಿ ಮುಷ್ಟಿ ಮಾಡಿ, ಹೆಬ್ಬೆರಳನ್ನು ಒಂದೊಂದು ಬೆರಳ ತುದಿಗೆ ಮುಟ್ಟಿಸಿ, ಹತ್ತು ಹತ್ತು ಸಲ. ಮುಷ್ಟಿ ಆಗದಿದ್ದರೆ ಇನ್ನೊಂದು ಕೈಯಿಂದ ಮೆಲ್ಲಗೆ ಮಡಚಲಿ. ಜೊತೆಗೆ ದಿನಕ್ಕೆ ಮೂರು ಸಲ ಇಡೀ ಕೈಯನ್ನು ತಲೆಯ ಮೇಲಕ್ಕೆ ಎತ್ತಲಿ. ಮಣಿಕಟ್ಟಿನ ಮುರಿತದ ನಂತರ ಹೆಗಲು ಹಿಡಿದುಕೊಂಡು ವರ್ಷಗಟ್ಟಲೆ ಕಾಡುವುದನ್ನು ನಾವು ಬಹಳ ನೋಡುತ್ತೇವೆ. ಬಳೆ ಉಂಗುರ ಇದ್ದರೆ ಕೂಡಲೇ ತೆಗೆಸಿ.

ಪ್ಲಾಸ್ಟರ್ ತೆಗೆದ ಮೇಲೆ ಲಟ್ಟಣಿಗೆ ಒಳ್ಳೆಯ ಸಾಧನ. ಮೊಣಕೈ ಪಕ್ಕೆಗೆ ತಾಗಿಸಿ, ಲಟ್ಟಣಿಗೆಯ ಒಂದು ತುದಿ ಹಿಡಿದು, ಅಂಗೈ ಆಕಾಶ ನೋಡುವಂತೆ ತಿರುಗಿಸಿ, ಮತ್ತೆ ನೆಲ ನೋಡುವಂತೆ. ಅಂಗೈ ಮೇಲಾಗುವುದು ನಿಧಾನಕ್ಕೆ ಬರುವ ಚಲನೆ. ನೀರು ಬೊಗಸೆಯಲ್ಲಿ ಹಿಡಿಯಲು ಅದೇ ಬೇಕು. ಬಟ್ಟೆ ಹಿಂಡುವುದು, ತುಂಬಿದ ಕುಕ್ಕರ್ ಎತ್ತುವುದು ಕೊನೆಗೆ. ಬಿದ್ದು ಮಣಿಕಟ್ಟು ಮುರಿದ ಈ ವಯಸ್ಸಿನ ಹೆಂಗಸರಿಗೆ ಮೂಳೆ ಸವೆತದ ಡೆಕ್ಸಾ ಪರೀಕ್ಷೆ ಮಾಡಿಸಲೇಬೇಕು, ಮುಂದಿನ ಸಲ ಮುರಿಯುವುದು ಸೊಂಟವಾಗಬಹುದು.

ಪ್ರಶ್ನೆ: ಅಡಿಕೆ ಸುಲಿಯುವಾಗ ಕತ್ತಿ ತಾಗಿ ತೋರುಬೆರಳಿನ ಮಡಚುವ ನರ ತುಂಡಾಗಿತ್ತು. ಹೊಲಿದು ಹತ್ತು ದಿನವಾಯಿತು. ಸ್ಪಂಜಿನ ಚೆಂಡು ಹಿಸುಕಲು ಶುರು ಮಾಡಲೇ?
(ಓದುಗರು, ಶಿರಸಿ)

ಉತ್ತರ: ಖಂಡಿತ ಬೇಡ. ನೀವು ನರ ಅಂದದ್ದು ಸ್ನಾಯುರಜ್ಜು ಇರಬೇಕು, ಅಂದರೆ ಬೆರಳನ್ನು ಎಳೆಯುವ ಹಗ್ಗ. ಮೊದಲ ಮೂರು ವಾರ ಅದರ ಹೊಲಿಗೆ ತೀರಾ ದುರ್ಬಲ. ಚೆಂಡು ಹಿಸುಕಿದರೆ ಕಿತ್ತುಹೋಗುತ್ತದೆ. ಹಾಗಂತ ಅಲುಗಾಡಿಸದೆ ಇಟ್ಟರೆ ರಜ್ಜು ಸುತ್ತಲಿನ ಕೊಳವೆಗೆ ಅಂಟಿ ಬೆರಳು ಮಡಚುವುದೇ ಇಲ್ಲ. ಎರಡರ ನಡುವಿನ ದಾರಿ ಇದು: ಕೈಗೆ ಹಾಕಿರುವ ಸ್ಪ್ಲಿಂಟ್ ಬಿಚ್ಚದೆ, ಇನ್ನೊಂದು ಕೈಯಿಂದ ಬೆರಳನ್ನು ಅಂಗೈಗೆ ಪೂರ್ತಿ ಮಡಚಿ, ಬಿಟ್ಟು, ಸ್ಪ್ಲಿಂಟಿನ ಚಾವಣಿಗೆ ತಾಗುವಷ್ಟು ಮಾತ್ರ ತಾನಾಗಿ ಬಿಡಿಸುವುದು. ಗಂಟೆಗೆ ಹತ್ತು ಸಲ. ತಾನಾಗಿ ಮಡಚಲು ಯಾವಾಗ ಶುರು ಮಾಡಬೇಕು ಅನ್ನುವುದು ಒಳಗೆ ಎಷ್ಟು ಎಳೆಯ ಹೊಲಿಗೆ ಹಾಕಿದ್ದಾರೆ ಎಂಬುದರ ಮೇಲಿದೆ, ಸರ್ಜನ್ ಹೇಳಬೇಕು. ಸ್ಪ್ಲಿಂಟ್ ಸಾಮಾನ್ಯವಾಗಿ ಆರು ವಾರ, ಬಿಗಿ ಹಿಡಿತದ ಕೆಲಸ 12 ವಾರದ ನಂತರ. ನಡುವೆ 'ಟಕ್' ಎಂದು ಬಿಟ್ಟ ಹಾಗಾಗಿ ಬೆರಳ ತುದಿ ಬಾಗುವುದು ನಿಂತರೆ ಒಂದೆರಡು ದಿನದೊಳಗೆ ತೋರಿಸಿ. ಈ ಸಲದ ಸುಲಿತಕ್ಕೆ ನೀವು ಕೂರುವುದು ಬೇಡ.

ಪ್ರಶ್ನೆ: ಪಕ್ಕೆಲುಬು ಮೂರು ಕಡೆ ಬಿರುಕು ಬಿಟ್ಟಿದೆ. ಎದೆಗೆ ಬೆಲ್ಟ್ ಬಿಗಿದುಕೊಂಡರೆ ಹಾಯೆನಿಸುತ್ತದೆ. ಸರಿಯೇ?
(ಓದುಗರು, ಹುಬ್ಬಳ್ಳಿ)

ಉತ್ತರ: ಸರಿಯಲ್ಲ. ಬೆಲ್ಟ್ ಹಾಕಿದರೆ ಉಸಿರು ಮೇಲೆಮೇಲಕ್ಕೆ ಆಡುತ್ತದೆ, ಶ್ವಾಸಕೋಶದ ತಳದಲ್ಲಿ ಕಫ ನಿಂತು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ನೋವಿನ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ತಪ್ಪದೆ ತೆಗೆದುಕೊಳ್ಳಿ, ನೋವು ಇಳಿದಾಗಲೇ ಆಳವಾದ ಉಸಿರು ಸಾಧ್ಯ. ಎಚ್ಚರವಿರುವಾಗ ಗಂಟೆಗೆ ಹತ್ತು ದೀರ್ಘ ಉಸಿರು, ಒಳಗೆಳೆದು ಮೂರು ಸೆಕೆಂಡು ಹಿಡಿದು ಬಿಡಿ. ಕೆಮ್ಮುವಾಗ ದಿಂಬನ್ನು ನೋವಿನ ಜಾಗಕ್ಕೆ ಒತ್ತಿ ಅಪ್ಪಿಕೊಳ್ಳಿ. ಜ್ವರ, ಹಸಿರು ಅಥವಾ ರಕ್ತದ ಕಫ, ಹೆಚ್ಚುವ ಏದುಸಿರು ಕಂಡರೆ ಆಸ್ಪತ್ರೆಗೆ.

ಪ್ರಶ್ನೆ: ಗಂಡ ತೆಂಗಿನಮರದಿಂದ ಬಿದ್ದು ಬೆನ್ನುಮೂಳೆಗೆ ಆಪರೇಷನ್ ಆಗಿದೆ. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಎರಡು ತಿಂಗಳಿಂದ ಮನೆಯಲ್ಲಿದ್ದಾರೆ. ಫಿಸಿಯೋಥೆರಪಿಯಿಂದ ನಡೆಯುತ್ತಾರಾ?
(ಓದುಗರು, ತುಮಕೂರು)

ಉತ್ತರ: ಬೆನ್ನುಹುರಿ ಎಷ್ಟು ಹಾನಿಯಾಗಿದೆ ಎಂಬುದನ್ನು ಪರೀಕ್ಷಿಸದೆ ನಡಿಗೆಯ ಬಗ್ಗೆ ಮಾತು ಕೊಡಲಾಗದು. ಆದರೆ ಕೈಗಳು ಗಟ್ಟಿಯಿರುವ ನಿಮ್ಮ ಗಂಡ ತಾವೇ ಮಂಚದಿಂದ ಗಾಲಿಕುರ್ಚಿಗೆ ದಾಟಿ, ಸ್ನಾನ ಮಾಡಿ, ಬಟ್ಟೆ ಹಾಕಿಕೊಂಡು ದುಡಿಮೆಗೆ ಮರಳುವುದು ಸಾಧ್ಯವಿರುವ ಗುರಿ. ಅದಕ್ಕೆ ಮನೆಗೆ ಬಂದು ಅರ್ಧ ಗಂಟೆ ಕಾಲು ಮಡಚಿಸಿ ಹೋಗುವ ಫಿಸಿಯೋಥೆರಪಿ ಸಾಲದು. ಕೆಲವು ವಾರ ಒಳರೋಗಿಯಾಗಿ ಇರಿಸಿ ಕಲಿಸುವ ಪುನರ್ವಸತಿ ಕೇಂದ್ರ ಬೇಕು. ವೆಲ್ಲೂರಿನ ಸಿಎಂಸಿಯಲ್ಲಿ 1966ರಲ್ಲಿ ಇಂಥ ಕೇಂದ್ರ ಕಟ್ಟಿದವರು ವೈದ್ಯೆ ಮೇರಿ ವರ್ಗೀಸ್. 1954ರ ಕಾರು ಅಪಘಾತದಲ್ಲಿ ಅವರ ಕಾಲುಗಳೇ ಸ್ವಾಧೀನ ತಪ್ಪಿದ್ದವು, ಗಾಲಿಕುರ್ಚಿಯಲ್ಲಿ ಕೂತೇ ಅವರು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಬೆಂಗಳೂರಿನಲ್ಲಿ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ) ಸಂಸ್ಥೆ ಬೆನ್ನುಹುರಿ ಪೆಟ್ಟಾದವರಿಗೆ ತರಬೇತಿ ಕೊಡುತ್ತದೆ.

ಇಂದಿನಿಂದಲೇ ನೋಡಬೇಕಾದದ್ದು ಚರ್ಮ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿಯೂ. ಪೂರ್ತಿ ಪಕ್ಕಕ್ಕೆ ಮಲಗಿಸದೆ ಬೆನ್ನಿಗೆ ದಿಂಬು ಕೊಟ್ಟು ಓರೆಯಾಗಿ ಮಲಗಿಸಿ. ಬೆಳಿಗ್ಗೆ ಸಂಜೆ ಬೆನ್ನ ಬುಡ, ಪೃಷ್ಠ, ಸೊಂಟದ ಪಕ್ಕ, ಹಿಮ್ಮಡಿ ನೋಡಿ. ಭಾರ ತೆಗೆದು ಅರ್ಧ ಗಂಟೆಯಾದರೂ ಮಾಸದ ಕೆಂಪು ಕಲೆ ಹುಣ್ಣಿನ ಆರಂಭ. ಆ ಜಾಗದ ಮೇಲೆ ಮತ್ತೆ ಭಾರ ಬೀಳಬಾರದು, ಉಜ್ಜಲೂಬಾರದು. ಗಾಲಿಕುರ್ಚಿಯಲ್ಲಿ ಕೂತಾಗ 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೆ ಅಥವಾ ಪಕ್ಕಕ್ಕೆ ಬಾಗಿ ಎರಡು ನಿಮಿಷ ಇರಬೇಕು. ಟ್ಯೂಬಿನಂಥ ತೂತಿನ ಕುಷನ್ ಬೇಡ, ಅದರ ಅಂಚು ಸುತ್ತಲಿನ ರಕ್ತದ ಓಟವನ್ನೇ ತಡೆಯುತ್ತದೆ.

ಕಾಲಿನ ಕೀಲುಗಳನ್ನು ದಿನಕ್ಕೆರಡು ಸಲ ನಿಧಾನವಾಗಿ ಆಡಿಸಿ, ಪಾದ ಕೆಳಗೆ ಜೋತು ಬೀಳದಂತೆ ನೋಡಿಕೊಳ್ಳಿ. ಸ್ವಾಧೀನವಿಲ್ಲದ ಕಾಲಿನ ಮೂಳೆ ಬಹುಬೇಗ ಪೊಳ್ಳಾಗುತ್ತದೆ, ರಭಸಕ್ಕೆ ಮುರಿದರೂ ಅವರಿಗೆ ನೋವಾಗದು. ತೊಡೆ ಅಥವಾ ಮೀನಖಂಡ ಏಕಾಏಕಿ ಊದಿ ಬಿಸಿಯಾದರೆ ವ್ಯಾಯಾಮ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಮನೆಬಾಗಿಲಿಗೆ ಇಳಿಜಾರು ಕಟ್ಟಿಸುವುದಾದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಕಡಿದಾದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಪ್ರಶ್ನೆ: ಕಾಲಿಗೆ ಪ್ಲೇಟ್ ಇದೆ. ಕ್ಲಿನಿಕ್ಕಿನಲ್ಲಿ ಶಾಖದ ಯಂತ್ರ ಇಡುತ್ತೇವೆ ಅಂದರು. ಮೀನಖಂಡವೂ ನೋಯುತ್ತಿದೆ, ಎಣ್ಣೆ ಹಚ್ಚಿ ಉಜ್ಜಿಸಲೇ?
(ಓದುಗರು, ಉಡುಪಿ)

ಉತ್ತರ: ಶಾರ್ಟ್‌ವೇವ್ ಡಯಾಥರ್ಮಿ ಎಂಬ ಯಂತ್ರವಾದರೆ ಬೇಡವೇ ಬೇಡ. ಅದರ ತರಂಗ ಲೋಹವನ್ನು ಕಾಯಿಸಿ ಒಳಗೇ ಸುಡಬಹುದು. ಪ್ಲೇಟ್ ಇರುವುದನ್ನು ಎಲ್ಲಿ ಹೋದರೂ ಮೊದಲು ಹೇಳಿ. ಬರೀ ಯಂತ್ರ ಇಟ್ಟು ಕಳಿಸುವ, ಅಳತೆ ತೆಗೆಯದ, ಮನೆಯಲ್ಲಿ ಏನು ಮಾಡಬೇಕೆಂದು ಹೇಳದ ಜಾಗಕ್ಕೆ ದುಡ್ಡು ಸುರಿಯಬೇಡಿ. ಒಂದೇ ಕಾಲಿನ ಮೀನಖಂಡ ನೋಯುತ್ತಾ ಊದಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಉಜ್ಜಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಇಂದೇ ಡಾಪ್ಲರ್ ಸ್ಕ್ಯಾನ್ ಮಾಡಿಸಿ.

ಪ್ರಶ್ನೆ: ಊರುಗೋಲು ಬಳಸಿ ಕಂಕುಳು ನೋಯುತ್ತದೆ, ಕೈ ಜೋಮು ಹಿಡಿಯುತ್ತದೆ.
(ಓದುಗರು, ಬೆಂಗಳೂರು)

ಉತ್ತರ: ಊರುಗೋಲು ಉದ್ದವಾಗಿದೆ, ಅಥವಾ ನೀವು ಅದರ ಮೇಲೆ ಜೋತುಬೀಳುತ್ತಿದ್ದೀರಿ. ನೇರ ನಿಂತಾಗ ಕಂಕುಳಿಗೂ ಊರುಗೋಲಿಗೂ ನಡುವೆ ಎರಡು ಮೂರು ಬೆರಳು ಜಾಗ ಇರಬೇಕು. ಹಿಡಿ ಮಣಿಕಟ್ಟಿನ ಎತ್ತರಕ್ಕೆ ಬರಬೇಕು, ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಭಾರ ಬೀಳಬೇಕಾದದ್ದು ಅಂಗೈ ಮೇಲೆ. ಕಂಕುಳಿನ ನರ ಒತ್ತಿ ಹಿಡಿದರೆ ಮಣಿಕಟ್ಟು ಎತ್ತಲಾಗದ ಸ್ಥಿತಿ ಬರುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಆಮೇಲೆ ಊರುಗೋಲು ಮತ್ತು ನೋವಿನ ಕಾಲು. ಇಳಿಯುವಾಗ ಊರುಗೋಲು ಮತ್ತು ನೋವಿನ ಕಾಲು ಮೊದಲು. ಅರ್ಧ ಭಾರ ಹಾಕಿ ಎಂದು ಹೇಳಿದ್ದರೆ ಅಂದಾಜಿಗೆ ಬಿಡದೆ ತೂಕದ ಯಂತ್ರದ ಮೇಲೆ ಆ ಕಾಲಿಟ್ಟು ಒತ್ತಿ ನೋಡಿ. 60 ಕೆಜಿ ತೂಗುವವರಿಗೆ ಮುಳ್ಳು 30ಕ್ಕೆ ನಿಲ್ಲಬೇಕು. ತುದಿಯ ರಬ್ಬರ್ ಬುಷ್ ಸವೆದು ನುಣ್ಣಗಾಗಿದ್ದರೆ ಬಚ್ಚಲಿಗೆ ಕಾಲಿಡುವ ಮುಂಚೆ ಬದಲಿಸಿ.